ಧೂಳಿನೊಳಗಣ ಬೆಳಕು



ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಬೆಳಕಿಂಡಿಯಿಂದ ಬಿಸಿಲುಕೋಲು ಬಿದ್ದೊಡನೆ, ಅದುವರೆಗೆ ಕಾಣದಿದ್ದ ಧೂಳು ಕಣ್ಣಿಗೆ ಗೋಚರಿಸುತ್ತದೆ. ಎಳೆಯ ನಕ್ಷತ್ರಗಳ ಸುತ್ತಲೂ ಇಂಥದೇ ಧೂಳಿನ ತಟ್ಟೆಯುಂಟು. ಗ್ರಹಗಳು ಹುಟ್ಟುವುದು ಅದರಲ್ಲಿಯೇ. ಆದರೆ ನಕ್ಷತ್ರದ ಪ್ರಖರತೆಯು ಅದನ್ನು ಮರೆಮಾಡುತ್ತದೆ.

ನಕ್ಷತ್ರದಿಂದ ನೇರವಾಗಿ ಬರುವ ಬೆಳಕು ಎಲ್ಲ ದಿಕ್ಕುಗಳಲ್ಲಿಯೂ ಕಂಪಿಸುತ್ತದೆ; ಧೂಳಿಗೆ ತಾಗಿ ಚದುರಿದ ಬೆಳಕಾದರೋ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ. ಇದೇ ಧ್ರುವೀಕರಣ. ಚಿಲಿ ದೇಶದ ದೊಡ್ಡ ದೂರದರ್ಶಕದಲ್ಲಿ 2014ರಲ್ಲಿ ಅಳವಡಿಸಿದ ಸ್ಫಿಯರ್ ಎಂಬ ಉಪಕರಣವು ಈ ಭೇದದಿಂದಲೇ ಧೂಳನ್ನು ಬೇರ್ಪಡಿಸಿ ತೋರಿಸಿದೆ.

ಸುಮಾರು 450 ಕೋಟಿ ವರ್ಷಗಳ ಹಿಂದೆ ನಮ್ಮ ಭೂಮಿಯೂ ಇಂಥ ಧೂಳಿನಿಂದಲೇ ರೂಪುಗೊಂಡಿತು. ರಾಯಬಾಗದ ಕಬ್ಬಿನ ಹೊಲದ ಮಣ್ಣು, ಅಥಣಿಯ ಮಠದಂಗಳ, ನಮ್ಮ ಹಣೆಯ ವಿಭೂತಿ ಎಲ್ಲಕ್ಕೂ ಮೂಲವೊಂದೇ. ಹೀಗಿರಲು, ವಖಾರಿಯ ಧೂಳಿನಲ್ಲಿ ದುಡಿಯುವ ತಾಯಂದಿರನ್ನು ಕೀಳಾಗಿ ಕಾಣುವ ನಾವು ಯಾವ ಮೂಲದವರು?