ರೊಕ್ಕಕ್ಕೆ ಗೋಕರ್ಣ, ಸೊಕ್ಕಿಗೆ ಯಾಣ

ಅತ್ತೆಯನ್ನ ಸುಳ್ಳು ಹೇಳಿ ಕರ್ಕೊಂಡು ಹೋಗಿದ್ವಿ. ಮೊದಲೇ ಒಪ್ಪಿಕೊಂಡುಬಿಡ್ತೀನಿ.

ಮಾವನವರು ತೀರಿಕೊಂಡು ಒಂದು ವರ್ಷವಾಗಿತ್ತು. ಚಿಕ್ಕಪೇಟೆಯ ಒಂದು ಓಣಿಯಲ್ಲಿ ಸೀರೆ ಫಾಲ್, ಲೈನಿಂಗ್, ಲೇಸು ಮಾರುವ ಎಂಟಡಿ ಅಗಲದ ಅಂಗಡಿ ಅವರದು. ಕೆಲಸದ ಹುಡುಗ ನಾಲ್ಕು ತಿಂಗಳು ಹೇಗೋ ನಡೆಸಿ ಬಿಟ್ಟು ಹೋದ. ಆಮೇಲಿಂದ ಶಟರ್ ಇಳಿದೇ ಇದೆ, ಬಾಡಿಗೆ ಮಾತ್ರ ತಪ್ಪದೆ ಹೋಗ್ತಿದೆ. ನಾವಿಬ್ಬರೂ ಲ್ಯಾಪ್‌ಟಾಪ್ ಜನ, ಫಾಲ್ ಯಾವುದು ಲೈನಿಂಗ್ ಯಾವುದು ಅಂತ ನಂಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಅಂಗಡಿ ಖಾಲಿ ಮಾಡೋ ಮಾತು ಎತ್ತಿದರೆ ಸಾಕು, ಅತ್ತೆ ಎದ್ದು ಅಡುಗೆಮನೆಗೆ ಹೋಗಿಬಿಡೋರು. ರೆಸಾರ್ಟಲ್ಲಿ ಅಡುಗೆಮನೆ ಇರಲ್ಲವಲ್ಲ ಅನ್ನೋದು ನನ್ನ ಗಂಡನ ಲೆಕ್ಕ. ಹಾಗಾಗಿ ಡಿಸೆಂಬರಿನಲ್ಲಿ ಓಂ ಬೀಚ್ ಹತ್ತಿರ ಮೂರು ರಾತ್ರಿಗೆ ಬುಕ್ ಮಾಡಿದ್ವಿ. ಅತ್ತೆಗೆ ಹೇಳಿದ್ದು "ಗೋಕರ್ಣದ ಮಹಾಬಲೇಶ್ವರನ ದರ್ಶನ" ಅಂತ.

ಚಿಕ್ಕಪೇಟೆಯಿಂದ ಮೆಜೆಸ್ಟಿಕ್ ಮೆಟ್ರೋದಲ್ಲಿ ಒಂದೇ ಸ್ಟಾಪು. ಅಲ್ಲಿಂದ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಗೋಕರ್ಣ ರೋಡ್. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರ, ಉತ್ತರ ಕನ್ನಡದ ಈ ಐದು ನದಿಗಳ ಹೆಸರಲ್ಲೇ ರೈಲು. ಮಂಗಳೂರು ದಾಟಿದ ಮೇಲೆ ಕೊಂಕಣ ರೈಲ್ವೆಯ ಹಳಿ, ಪೂರ್ತಿ ಓಡಾಟಕ್ಕೆ ತೆರೆದದ್ದು 1998ರಲ್ಲಿ. ಅದಕ್ಕೂ ಮುಂಚೆ ಬೆಂಗಳೂರಿನವರಿಗೆ ಈ ಕಡಲು ಅಂದ್ರೆ ಘಾಟಿ, ಬಸ್ಸು, ವಾಂತಿ.

ರೆಸಾರ್ಟ್ ಬಗ್ಗೆ ಜಾಸ್ತಿ ಹೇಳಲ್ಲ. "ಸಮುದ್ರ ಕಾಣುವ ಕೋಣೆ" ಅಂದಿದ್ರು. ಕಾಣ್ತಿತ್ತು, ಬಾಲ್ಕನಿಯ ಕುರ್ಚಿ ಮೇಲೆ ಹತ್ತಿ ನಿಂತ್ರೆ. ಬೆಳಗಿನ ಬಫೆಯಲ್ಲಿ ಪಾಸ್ತಾ ನೋಡಿ ಅತ್ತೆ, "ಇದು ಶ್ಯಾವಿಗೆ ತಾನೇ, ಒಗ್ಗರಣೆ ಮರೆತಿದಾರೆ" ಅಂದ್ರು. ಮಧ್ಯಾಹ್ನ ಊರೊಳಗೆ ಒಂದು ಖಾನಾವಳಿ ಹುಡುಕಿ ಅನ್ನ, ತಂಬುಳಿ ಊಟ ಮಾಡಿದ ಮೇಲೇ ಅವರ ಮುಖ ಸರಿಹೋಗಿದ್ದು.

ಬೀಚು ಮಾತ್ರ ಹೆಸರಿಗೆ ತಕ್ಕಂತಿದೆ. ಎರಡು ಅರ್ಧಚಂದ್ರಗಳು, ನಡುವೆ ಕಪ್ಪು ಬಂಡೆ. ಗುಡ್ಡದ ಮೇಲಿಂದ ನೋಡಿದ್ರೆ ಓಂಕಾರ ತಿಳಿಯುತ್ತೆ. ನೀವು ಹೋದ್ರೆ ಆ ಬಂಡೆಗಳ ಮೇಲೆ ನಿಂತು ಸೆಲ್ಫಿ ಬೇಡ. ಪಾಚಿ ಜಾರುತ್ತೆ, ಅಲೆ ಹೇಳಿ ಬರಲ್ಲ. ಮಳೆಗಾಲದಲ್ಲಂತೂ ನೀರಿಗೆ ಇಳಿಯಲೇಬೇಡಿ. ಅತ್ತೆ ಕಾಲು ಮುಳುಗುವಷ್ಟು ನೀರಲ್ಲಿ, ಸೀರೆ ನೆರಿಗೆ ಎತ್ತಿ ಹಿಡಿದು, ಅರ್ಧ ಗಂಟೆ ನಿಂತರು. ಅರವತ್ತೆರಡರ ವಯಸ್ಸಿಗೆ ಮೊದಲ ಸಮುದ್ರ. ಮಾತಾಡಲಿಲ್ಲ. ನಾವೂ ಅಂಗಡಿ ಮಾತು ಎತ್ತಲಿಲ್ಲ. ನನ್ನ ಗಂಡ ಎರಡು ಸಲ ಗಂಟಲು ಸರಿ ಮಾಡಿಕೊಂಡು ಸುಮ್ಮನಾದ.

ಮಾರನೇ ದಿನ ದರ್ಶನ ಮುಗಿಸಿ ಹೊರಗೆ ಬಂದಾಗ ಅತ್ತೆ ಕೇಳಿದ್ರು, "ಯಾಣ ಇಲ್ಲಿಂದ ಎಷ್ಟು ದೂರ?"

ಪಟ್ಟಿಯಲ್ಲಿ ಇರಲೇ ಇಲ್ಲ ಅದು. ಮೆಟ್ಟಿಲು ಇದೆ, ಅತ್ತೆಗೆ ಮಂಡಿ ನೋವು ಅಂತ ನಾನೇ ಕೈಬಿಟ್ಟಿದ್ದೆ. ಅವರು ನಕ್ಕರು. "ರೊಕ್ಕ ಇದ್ದೋರು ಗೋಕರ್ಣಕ್ಕೆ, ಸೊಕ್ಕು ಇದ್ದೋರು ಯಾಣಕ್ಕೆ ಅಂತಾರೆ. ನಂಗೆ ಸೊಕ್ಕು ಇದೆ ಕಣಮ್ಮ." ಆಮೇಲೆ ಗೊತ್ತಾಯ್ತು: 1996ರ 'ನಮ್ಮೂರ ಮಂದಾರ ಹೂವೇ'ಯಲ್ಲಿ ಯಾಣದ ಬಂಡೆ ನೋಡಿ ಅತ್ತೆ ಮರುಳಾಗಿದ್ದರಂತೆ. ಮಾವನವರು "ಮುಂದಿನ ವರ್ಷ ಹೋಗೋಣ, ಸೀಸನ್ ಮುಗೀಲಿ" ಅಂದಿದ್ರಂತೆ. ಚಿಕ್ಕಪೇಟೆಯಲ್ಲಿ ಯಾವ ಸೀಸನ್ ಯಾವತ್ತು ಮುಗಿದಿದೆ ಹೇಳಿ. ಮದುವೆ, ಆಷಾಢದ ಡಿಸ್ಕೌಂಟು, ವರಮಹಾಲಕ್ಷ್ಮಿ, ದಸರಾ, ದೀಪಾವಳಿ, ಮತ್ತೆ ಮದುವೆ.

ಕುಮಟಾ ಕಡೆಯಿಂದ ಟ್ಯಾಕ್ಸಿ ಮಾಡಿಕೊಂಡು ಹೋದ್ವಿ. ಒಂದು ಹಂತದಲ್ಲಿ ಗಾಡಿ ನಿಲ್ಲಿಸಿ ಕಾಡಿನೊಳಗೆ ನಡೆಯಬೇಕು. ಕಡಲಿನ ಉರಿಬಿಸಿಲಿನಿಂದ ಬಂದವರಿಗೆ ಆ ತಂಪು ಫ್ರಿಜ್ ಬಾಗಿಲು ತೆಗೆದ ಹಾಗೆ. ಮಳೆಗಾಲದಲ್ಲಿ ಇಲ್ಲಿ ಉಂಬಳಗಳ ರಾಜ್ಯ, ಡಿಸೆಂಬರಿನಲ್ಲಿ ನಮ್ಮನ್ನು ಬಿಟ್ಟವು. ಇದೇ ಪಶ್ಚಿಮಘಟ್ಟದ ಕಾಡುಗಳಲ್ಲಿ ಸಿಂಗಳೀಕಗಳಿವೆ. ಅವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಹೆಸರಲ್ಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ನಮಗೆ ಒಂದೂ ಕಾಣಲಿಲ್ಲ, ಟ್ಯಾಕ್ಸಿಯವರು "ಅದೃಷ್ಟ ಬೇಕು" ಅಂದ್ರು.

ಮರಗಳ ನಡುವೆ ಇದ್ದಕ್ಕಿದ್ದಂತೆ ಬಂಡೆ ಎದ್ದು ನಿಲ್ಲುತ್ತೆ. ಭೈರವೇಶ್ವರ ಶಿಖರ 120 ಮೀಟರ್, ಪಕ್ಕದ ಮೋಹಿನಿ ಶಿಖರ 90. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ ಇದೇ, ಅದಕ್ಕೇ ಎಲ್ಲ ಕಪ್ಪು ಅನ್ನೋದು ಕಥೆ. ವಿಜ್ಞಾನದ ಪ್ರಕಾರ ಇದು ಸುಣ್ಣಕಲ್ಲು. ಮಳೆನೀರಲ್ಲಿರೋ ತೆಳು ಆಮ್ಲ ಯುಗಯುಗಾಂತರ ಕಲ್ಲನ್ನು ಕರಗಿಸಿ, ಸೀಳಿ, ಗುಹೆ ಮಾಡಿದೆ. ಗೋಡೆಗೆ ಹೆಜ್ಜೇನಿನ ಗೂಡುಗಳು ಜೋತುಬಿದ್ದಿವೆ, ಕೂಗಾಡಬೇಡಿ. ಭೈರವೇಶ್ವರನ ಗುಹೆಯಲ್ಲಿ ಲಿಂಗದ ಮೇಲೆ ಮೇಲಿನ ಕಲ್ಲಿನಿಂದ ನೀರು ತೊಟ್ಟಿಕ್ಕುತ್ತೆ.

ಅತ್ತೆ ಮೆಟ್ಟಿಲ ಮೇಲೆ ಏಳು ಸಲ ಕೂತರು. ನಾನು ಎಣಿಸಿದೆ, ಯಾಕಂದ್ರೆ ಪ್ರತಿ ಸಲವೂ ವಾಪಸ್ ಹೋಗೋಣ ಅಂತ ನಾನೇ ಹೇಳ್ತಿದ್ದೆ. ಅವರು ಉತ್ತರ ಕೊಡದೆ ಎದ್ದು ಮತ್ತೆ ಹತ್ತುತ್ತಿದ್ದರು. ಬಂಡೆಯನ್ನು ಸುತ್ತುವ ದಾರಿಯಲ್ಲಿ, ಸೀಳಿನ ಮೇಲಿಂದ ಒಂದು ಗೀರು ಬೆಳಕು ಬೀಳೋ ಕಡೆ, ಕಲ್ಲಿಗೆ ಕೈ ಊರಿ ನಿಂತರು. ಬಾವಲಿ ವಾಸನೆ, ಕಾಲಡಿ ತಣ್ಣಗೆ ಕಲ್ಲು. ಮಗನ ಕಡೆ ತಿರುಗಿದರು.

"ಅಂಗಡಿ ಬಿಟ್ಟುಬಿಡೋಣ ಅಂತ ಹೇಳೋಕೆ ತಾನೇ ಇಷ್ಟು ದೂರ ಕರ್ಕೊಂಡು ಬಂದಿದ್ದು?"

ಇವನು ಬಂಡೆಯ ಥರವೇ ನಿಂತ. ನಾನು ಫೋನ್ ನೋಡೋ ನಾಟಕ ಮಾಡಿದೆ, ನೆಟ್‌ವರ್ಕೇ ಇರಲಿಲ್ಲ.

"ರೈಲಲ್ಲಿ ನಾನು ಮಲಗಿದೀನಿ ಅಂದ್ಕೊಂಡು ಇಬ್ರೂ ಪಿಸಿಪಿಸಿ ಮಾತಾಡಿದ್ರಲ್ಲ. ಬಿಟ್ಟುಬಿಡು. ನೀನು ಶಟರ್ ಎತ್ತಿ ಗಲ್ಲಾದಲ್ಲಿ ಕೂತ್ಕೋತೀಯ ಅಂತ ನಿಮ್ಮಪ್ಪನೂ ಅಂದ್ಕೊಂಡಿರ್ಲಿಲ್ಲ. ನನ್ನ ಹತ್ರ ನೇರ ಕೇಳ್ಬಾರ್ದಿತ್ತಾ ಅಷ್ಟೇ."

"ನೀನು ಎದ್ದು ಹೋಗ್ತಿದ್ದೆ ಅಮ್ಮಾ."

"ಎದ್ದು ಹೋದ್ರೆ ಹಿಂದೆ ಬರ್ಬೇಕಪ್ಪ."

ಅವನು ಅಳ್ತಿದ್ನೋ, ಮೇಲಿಂದ ನೀರು ಬಿತ್ತೋ ನಂಗೊತ್ತಿಲ್ಲ. ಇಳಿಯುವಾಗ ಮಾತ್ರ ಅಮ್ಮನ ಕೈ ಬಿಡಲಿಲ್ಲ. ಅತ್ತೆ ಇಳಿಯುವಾಗ ಒಂದು ಸಲವೂ ಕೂರಲಿಲ್ಲ, ಮಂಡಿಗೆ ಇಳಿಯೋದೇ ಕಷ್ಟ ಅಂತಾರಲ್ಲ, ಆದರೂ.

ಜನವರಿಯಲ್ಲಿ ಅಂಗಡಿ ಖಾಲಿ ಮಾಡಿದ್ವಿ. ಉಳಿದ ಲೈನಿಂಗ್ ಥಾನುಗಳನ್ನು ಪಕ್ಕದ ಅಂಗಡಿಯವರು ಅರ್ಧ ಬೆಲೆಗೆ ತಗೊಂಡ್ರು. ಅತ್ತೆ ಬಂದು ಒಂದೇ ಒಂದು ವಸ್ತು ಎತ್ತಿಕೊಂಡರು, ಬಟ್ಟೆ ಅಳೆಯುವ ಕಬ್ಬಿಣದ ಮೀಟರ್ ಕಡ್ಡಿ. ಅದೀಗ ನಮ್ಮ ಮನೆ ಬಾಗಿಲ ಹಿಂದೆ ಇದೆ. ಅಟ್ಟದ ಮೇಲಿನ ಡಬ್ಬ ಎಳೆಯೋಕೆ ಅದನ್ನೇ ಬಳಸ್ತಾರೆ, ನಾವು ಮುಟ್ಟಿದರೆ ಬೈತಾರೆ.