ಸಂಜೆಯಿಲ್ಲದ ಕೆಲಸ

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಎಷ್ಟೋ ಜನರು ಮನೆಮಠಗಳನ್ನು ತೊರೆದು ಊರಾಚೆಯ ಗುಡಿಸಲುಗಳನ್ನು ಸೇರಿದರು. 2020ರ ಮಾರ್ಚ್ 25ರಿಂದ ನಮಗಾದ ಅಪ್ಪಣೆ ಅದಕ್ಕೆ ತೀರ ವಿರುದ್ಧವಾದುದು: ಹೊಸಿಲು ದಾಟಬೇಡಿ. ಅದಕ್ಕೆ ಕೆಲವೇ ದಿನ ಮೊದಲು, ಬೆಂಗಳೂರಿನ ಕಚೇರಿಯ ಕೆಲಸವನ್ನು ಹೊತ್ತುಕೊಂಡು ನಾನು ವನಗೂರಿನ ಮನೆಗೆ ಬಂದಿದ್ದೆ.

ಮಲೆನಾಡಿನ ಗಾಳಿಯಿರುವಲ್ಲಿ ಆರೋಗ್ಯಕ್ಕೇನು ಕೊರತೆ ಎಂದು ಬಗೆದಿದ್ದೆನು. ಗಾಳಿ ಕಿಟಕಿಯ ಹೊರಗಿತ್ತು; ನಾನು ಒಳಗಿದ್ದೆ. ಎರಡು ತಿಂಗಳಲ್ಲಿ ಬೆನ್ನು ಸೋತಿತು, ನಿದ್ರೆ ದೂರವಾಯಿತು. ತಾಯಿ ಮಾತನಾಡಿಸಿದರೂ ಸಿಡುಕು. ತೋಟದ ಆಳುಗಳು ಸಂಜೆ ಕತ್ತಿ ತೊಳೆದಿಟ್ಟು ಮನೆಗೆ ನಡೆಯುತ್ತಿದ್ದರು. ಮನೆಯಲ್ಲೇ ಕುಳಿತು ದುಡಿಯುವ ಸೌಕರ್ಯ ಅವರಿಗಿರಲಿಲ್ಲ, ನಿಜ. ಆದರೆ ನನ್ನ ಕೆಲಸಕ್ಕೆ ಸಂಜೆಯೇ ಇರಲಿಲ್ಲ. ಕುರ್ಚಿಯ ವೆಚ್ಚ ಕೊಟ್ಟ ಯಜಮಾನರು ಕೆಲಸ ಮುಗಿಯುವ ಗಂಟೆಯನ್ನೇಕೆ ಗೊತ್ತುಮಾಡಲಿಲ್ಲವೋ! ಮನೆಯ ದುಡಿಮೆ ಇಂದಿಗೂ ಹಲವೆಡೆ ಉಳಿದಿರುವುದರಿಂದ ಈ ಪ್ರಶ್ನೆ ಹಳತಾಗಿಲ್ಲ.

ಜೂನ್ ಮಳೆ ಹಿಡಿದೊಡನೆ ವಿದ್ಯುತ್ತು ಹೋಯಿತು. ಮೊಬೈಲಿನ ನೆಟ್‌ವರ್ಕೂ ಹೋಯಿತು. ಅದನ್ನರಸಿ ದಿನಕ್ಕೆರಡು ಬಾರಿ ಕೊಡೆ ಹಿಡಿದು, ಜಿಗಣೆಗಳನ್ನು ಕೊಡವಿಕೊಳ್ಳುತ್ತ, ಶಪಿಸುತ್ತಲೇ ಗುಡ್ಡ ಹತ್ತಿದೆ. ಅಲ್ಲಿ ನನ್ನಂತೆಯೇ ಬಂದ ಇನ್ನಿಬ್ಬರು. ಮಾರು ದೂರದಲ್ಲಿ ನಿಂತು ನಾಲ್ಕು ಮಾತನಾಡಿಕೊಳ್ಳುತ್ತಿದ್ದೆವು. ಹದಿನೈದು ದಿನಗಳಲ್ಲಿ ನಿದ್ರೆ ಮರಳಿತು. ಕತ್ತಲಾಗುವ ಮುನ್ನ ಇಳಿಯಲೇಬೇಕಾದುದರಿಂದ ಕೆಲಸಕ್ಕೂ ಒಂದು ಸಂಜೆಯಾಯಿತು. ನಾನು ಕಾಲು ತೊಳೆದು ಬರುವಷ್ಟರಲ್ಲಿ ತಾಯಿ ಒಲೆಯ ಬಳಿ ಮಣೆ ಹಾಕಿರುತ್ತಿದ್ದರು.