ಅಳತೆಪಟ್ಟಿ ಹಿಡಿದವರ ಹೊಣೆ

1997ರಲ್ಲಿ ರಚನೆಯಾದ ಬಾಗಲಕೋಟೆ ಜಿಲ್ಲೆ ಇನ್ನೂ ಕಣ್ಣು ಬಿಡುತ್ತಿದ್ದ ದಿನಗಳವು. ಹುನಗುಂದದಲ್ಲಿ ಏರ್ಪಾಡಾಗಿದ್ದ ಶಾಲಾ ಕ್ರೀಡಾಕೂಟಕ್ಕೆ ಅಧಿಕಾರಿಯಾಗಿ ಹೋಗಿದ್ದ ನನಗೆ ದೈಹಿಕ ಶಿಕ್ಷಕರೊಬ್ಬರು ಹದಿಮೂರು ವರ್ಷದ ಬಾಲಕನನ್ನು ತೋರಿಸಿದರು. ಹುಡುಗ ಆಗಲೇ ತನ್ನ ಮಾಸ್ತರರಿಗಿಂತ ಒಂದು ಗೇಣು ಎತ್ತರವಾಗಿದ್ದ. ಕ್ರೀಡಾ ವಸತಿ ನಿಲಯಕ್ಕೆ ಸೇರಿಸಿ ಬ್ಯಾಸ್ಕೆಟ್‌ಬಾಲ್ ಕಲಿಸಿದರೆ ದೇಶಕ್ಕೆ ಆಡಿಯಾನು ಎಂಬುದು ಶಿಕ್ಷಕರ ಆಸೆ. ತಂದೆ ಇಳಕಲ್ಲಿನ ನೇಕಾರ. ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು.

ಆ ಮನುಷ್ಯ ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ‘ಅವನ ಕಾಲು ಮಗ್ಗದ ಕುಣಿಯೊಳಗ ಹಿಡಿಯೂದಿಲ್ಲ, ಅದು ನನಗೂ ಗೊತ್ತೈತಿ. ಆದ್ರ ನಾಳೆ ಆ ಕಾಲಿಗೇನರ ಆದ್ರ ಮುಂದೇನ್ರಿ ಸಾಹೇಬ್ರ?’ ಎಂದು ಕೇಳಿದ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನನ್ನು ಕಳುಹಿಸಲಿಲ್ಲ.

ಆ ಪ್ರಶ್ನೆ ಮತ್ತೆ ಕಾಡತೊಡಗಿದ್ದು ಪಂಜಾಬಿನ ಸತ್ನಾಮ್ ಸಿಂಗ್ ಭಮಾರಾ ಅವರ ವೃತ್ತಿಜೀವನದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತ ಬಂದಾಗ. ಬರ್ನಾಲಾ ಜಿಲ್ಲೆಯ ಬಲ್ಲೋ ಕೆ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ 1995ರಲ್ಲಿ ಜನಿಸಿದ ಅವರು ಲೂಧಿಯಾನದ ಅಕಾಡೆಮಿಯಲ್ಲಿ ಆಟ ಕಲಿತು, 2010ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಫ್ಲಾರಿಡಾಕ್ಕೆ ಹೋದರು. ಆಗ ಅವರಿಗೆ ಹದಿನಾಲ್ಕು ವರ್ಷ. ಏಳು ಅಡಿ ಎರಡು ಅಂಗುಲ ಬೆಳೆದ ಅವರಿಗೆ ಒದಗಿದ ಸ್ಥಾನ ‘ಸೆಂಟರ್’. ಬುಟ್ಟಿಯ ಬುಡದಲ್ಲಿ ನಿಂತು ಎದುರಾಳಿಯ ಚೆಂಡನ್ನು ತಡೆಯುವ, ಮರಳಿ ಪುಟಿದ ಚೆಂಡನ್ನು ಕೈವಶ ಮಾಡಿಕೊಳ್ಳುವ ದೀರ್ಘಕಾಯನ ಸ್ಥಾನವದು. 2015ರ ಜೂನ್‌ನಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡವು 52ನೆಯ ಆಯ್ಕೆಯಾಗಿ ಅವರನ್ನು ಆರಿಸಿಕೊಂಡಾಗ, ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಭಾರತಸಂಜಾತ ಮೊದಲ ಆಟಗಾರ ಎಂಬ ಕೀರ್ತಿ ಅವರದಾಯಿತು. ಅವರ ಕುರಿತು ಸಾಕ್ಷ್ಯಚಿತ್ರವೂ ಬಂತು.

ಮುಂದಿನ ಕಥೆಯನ್ನು ಕೇಳಿದವರು ಕಡಿಮೆ. ಎನ್‌ಬಿಎ ಲೀಗ್‌ನ ಒಂದು ಪಂದ್ಯವನ್ನೂ ಅವರು ಆಡಲಿಲ್ಲ. ಎರಡನೆಯ ಸ್ತರದ ಟೆಕ್ಸಾಸ್ ಲೆಜೆಂಡ್ಸ್ ತಂಡದಲ್ಲಿ ಕಳೆದ ಎರಡು ಋತುಗಳ ಬಹುಪಾಲು ಕಾಯ್ದಿರಿಸಿದ ಆಟಗಾರರ ಬೆಂಚಿನ ಮೇಲೆಯೇ ಸರಿದುಹೋಯಿತು. ಬಳಿಕ ಭಾರತ, ಆ ಮೇಲೆ ಕೆನಡಾದ ಲೀಗ್. 2020ರ ಡಿಸೆಂಬರ್‌ನಲ್ಲಿ ಉದ್ದೀಪನ ಮದ್ದು ಪ್ರಕರಣದಲ್ಲಿ ಎರಡು ವರ್ಷಗಳ ನಿಷೇಧ. 2021ರಲ್ಲಿ ಅವರು ಅಮೆರಿಕದ ವೃತ್ತಿಪರ ಮನರಂಜನಾ ಕುಸ್ತಿಯ ಸಂಸ್ಥೆಯೊಂದನ್ನು ಸೇರಿದರು. ಆಯ್ಕೆಯಾದ ಆರೇ ವರ್ಷಗಳಲ್ಲಿ ಬ್ಯಾಸ್ಕೆಟ್‌ಬಾಲ್ ಜೀವನೋಪಾಯವಾಗಿ ಉಳಿದಿರಲಿಲ್ಲ.

ಇದರಲ್ಲಿ ಅವರ ತಪ್ಪೆಷ್ಟು, ಕಾಲದ ಪಾತ್ರವೆಷ್ಟು? ಅವರು ಆಯ್ಕೆಯಾದ ತಿಂಗಳಲ್ಲೇ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಚಾಂಪಿಯನ್ ಆಯಿತು. ಆ ಅಂತಿಮ ಸರಣಿಯ ನಾಲ್ಕನೆಯ ಪಂದ್ಯದಿಂದ ತಂಡವು ತನ್ನ ಏಳು ಅಡಿಯ ಸೆಂಟರ್ ಆಂಡ್ರ್ಯೂ ಬೋಗಟ್ ಅವರನ್ನು ಆರಂಭಿಕ ಐವರಿಂದ ಕೈಬಿಟ್ಟು, ಗಿಡ್ಡವಾದರೂ ಚುರುಕಾದ ಪಡೆಯನ್ನು ಕಣಕ್ಕಿಳಿಸಿತ್ತು. ದೂರದಿಂದ ಮೂರು ಅಂಕದ ಎಸೆತಗಳನ್ನು ಹಾಕುವವರಿಗೆ ಬೆಲೆ ಏರುತ್ತಿತ್ತು. ಬುಟ್ಟಿಯ ಬಳಿ ಬರಿದೆ ಎತ್ತರವಾಗಿ ನಿಲ್ಲುವವರ ಬೇಡಿಕೆ ಇಳಿಯುತ್ತಿತ್ತು. ಅದಕ್ಕೂ ಒಂದು ವರ್ಷ ಮೊದಲು 41ನೆಯ ಆಯ್ಕೆಯಾಗಿದ್ದ ಸರ್ಬಿಯಾದ ನಿಕೊಲಾ ಯೋಕಿಚ್ ಕೂಡ ಸೆಂಟರ್ ಆಟಗಾರರೇ. ಅವರು ಚೆಂಡು ಹಂಚುವ ಚಾತುರ್ಯದಿಂದ ಆ ಸ್ಥಾನದ ಸ್ವರೂಪವನ್ನೇ ಬದಲಿಸಿ ಲೀಗ್‌ನ ಅತ್ಯಮೂಲ್ಯ ಆಟಗಾರನೆಂಬ ಗೌರವಕ್ಕೆ ಮೂರು ಬಾರಿ ಪಾತ್ರರಾದರು. ಕೌಶಲದ ಮಾರುಕಟ್ಟೆ ಹೀಗೆ ಕೈಕೊಡುವುದನ್ನು ಇಳಕಲ್ಲಿನವರಿಗೆ ವಿವರಿಸಬೇಕಾಗಿಲ್ಲ. ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸುವ ಕೈಗಳು ವಿದ್ಯುತ್ ಮಗ್ಗದೆದುರು ಸೋತದ್ದನ್ನು ಅವರು ಕಂಡವರು.

ದೇಹದ ಅಳತೆ ವಿಧಿಯಾಗುವುದು ದೈತ್ಯರಿಗೆ ಮಾತ್ರವಲ್ಲ. ಬಾಗಲಕೋಟೆ ಜಿಲ್ಲೆಯವರೇ ಆದ ಅರ್ಜುನ ಹಲಕುರ್ಕಿ ಗ್ರೀಕೊ-ರೋಮನ್ ಕುಸ್ತಿಯ 55 ಕೆ.ಜಿ. ವಿಭಾಗದಲ್ಲಿ 2020ರಲ್ಲಿ ದೆಹಲಿಯಲ್ಲಿ, 2022ರಲ್ಲಿ ಮಂಗೋಲಿಯದ ಉಲಾನ್‌ಬಾತರ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಕಂಚು ಗೆದ್ದರು. ಆದರೆ ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಆ ತೂಕದ ವಿಭಾಗವೇ ಇರಲಿಲ್ಲ. ಕನಿಷ್ಠ ವಿಭಾಗ 60 ಕೆ.ಜಿ. ಏಷ್ಯಾದ ಪದಕ ಗೆದ್ದವನಿಗೂ ಐದು ಕಿಲೋ ಅಂತರದಲ್ಲಿ ಬಾಗಿಲು ಮುಚ್ಚಿರುತ್ತದೆ. ಎಂದೋ ಸಮಿತಿಯೊಂದು ಕೈಗೊಂಡ ನಿರ್ಧಾರ ಬಾದಾಮಿ ಸೀಮೆಯ ಗರಡಿಮನೆಯಲ್ಲಿ ಬೆವರು ಸುರಿಸುವ ಹುಡುಗನ ಭವಿಷ್ಯವನ್ನು ಹೀಗೆ ಗೆರೆ ಎಳೆದು ನಿಲ್ಲಿಸುತ್ತದೆ.

ಕ್ರೀಡಾಪಟುವಿನ ದೇಹ ಒಂದು ಬಂಡವಾಳ. ಉಳಿದ ಬಂಡವಾಳಗಳಿಗಿಂತ ಅದು ಬೇಗ ಸವೆಯುತ್ತದೆ, ಸಾಮಾನ್ಯವಾಗಿ ಮೂವತ್ತೈದರೊಳಗೆ. ಅದನ್ನು ಮಾರಲಾಗದು, ಮಗನಿಗೆ ಬರೆದುಕೊಡಲಾಗದು. ಇಷ್ಟಾಗಿಯೂ ಈ ಹೂಡಿಕೆಯ ನಷ್ಟವನ್ನು ಒಂಟಿ ಕುಟುಂಬ ಹೊರುತ್ತದೆ. ಲಾಭದಲ್ಲಿ ಮಾತ್ರ ಎಲ್ಲರೂ ಪಾಲುದಾರರು. ಪದಕ ಬಂದರೆ ಅವನು ನಮ್ಮ ಜಿಲ್ಲೆಯ ಹೆಮ್ಮೆ, ಮಂಡಿ ಮುರಿದರೆ ಅವನು ಅವರಪ್ಪನ ಮಗ. ಆ ನೇಕಾರ ಕೇಳಿದ್ದು ಈ ಲೆಕ್ಕವನ್ನೇ.

ಯಾರೂ ಒತ್ತಾಯದಿಂದ ಆಡಿಸುವುದಿಲ್ಲ, ಸೋತವರನ್ನೆಲ್ಲ ಸಾಕಲು ಸರ್ಕಾರಕ್ಕೆ ಸಾಧ್ಯವೇ ಎಂಬ ಆಕ್ಷೇಪ ಬರಬಹುದು. ಕ್ರಿಕೆಟ್ ಕ್ಲಬ್ಬಿಗೆ ಸ್ವಂತ ಖರ್ಚಿನಲ್ಲಿ ಹೋಗುವ ನಗರದ ಹುಡುಗನ ಮಟ್ಟಿಗೆ ಆ ವಾದ ಸರಿ. ಆದರೆ ಹಳ್ಳಿಯ ಮಗುವಿನ ಎತ್ತರ, ಓಟ, ಜಿಗಿತಗಳನ್ನು ಅಳೆದು, ಆರಿಸಿ, ಮನೆಯಿಂದ ವಸತಿ ನಿಲಯಕ್ಕೆ ಕರೆದೊಯ್ಯುವುದು ಸರ್ಕಾರವೇ. ಅಳತೆಪಟ್ಟಿ ಹಿಡಿದವರಿಗೆ ಅಷ್ಟರಮಟ್ಟಿನ ಹೊಣೆ ಇದ್ದೇ ಇರುತ್ತದೆ. ರೈಲ್ವೆ, ಒಎನ್‌ಜಿಸಿ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾ ಅನೇಕ ಬ್ಯಾಸ್ಕೆಟ್‌ಬಾಲ್ ಆಟಗಾರರ ಬದುಕನ್ನು ನೇರ್ಪುಗೊಳಿಸಿದೆ, ನಿಜ. ಆದರೆ ಅದು ಗೆದ್ದವರಿಗೆ, ಹತ್ತೊಂಬತ್ತಕ್ಕೇ ಗಾಯಗೊಂಡವನಿಗಲ್ಲ.

ಮಾಡಬೇಕಾದದ್ದು ಅಸಾಧ್ಯವಾದದ್ದೇನಲ್ಲ. ಕ್ರೀಡಾ ವಸತಿ ನಿಲಯಕ್ಕೆ ಸೇರಿದ ಪ್ರತಿ ಮಗುವಿಗೂ ಪದವಿ ಅಥವಾ ಐಟಿಐವರೆಗಿನ ಶುಲ್ಕವನ್ನು, ಆಟ ನಿಂತರೂ, ಇಲಾಖೆಯೇ ಭರಿಸಬೇಕು. ನಿಲಯ ತೊರೆದ ಐದು ವರ್ಷಗಳವರೆಗೆ ಗಾಯದ ವಿಮೆ ಇರಬೇಕು. ಆಟ ಮುಗಿದವರಿಗೆ ತರಬೇತುದಾರರ ಶಿಕ್ಷಣ ಕೊಡಿಸಿ ತಾಲ್ಲೂಕು ಶಾಲೆಗಳಲ್ಲಿ ನೇಮಿಸಿಕೊಳ್ಳಬೇಕು. ನಗದು ಬಹುಮಾನದ ಒಂದಂಶವನ್ನು ತಿಂಗಳ ಆದಾಯವಾಗಿ ಪರಿವರ್ತಿಸಬೇಕು. ಈ ಕೊನೆಯ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ಆಲಮಟ್ಟಿಯ ಹಿನ್ನೀರಿಗೆ ಭೂಮಿ ಕಳೆದುಕೊಂಡವರ ಕೈಗೆ ಒಮ್ಮೆಲೇ ಬಂದ ಪರಿಹಾರದ ಹಣ ಮದುವೆ, ಮೋಟಾರ್ ಸೈಕಲ್, ಹಳೆಯ ಸಾಲಗಳಲ್ಲಿ ಕರಗಿಹೋದದ್ದನ್ನು ನಾನು ಕಂಡಿದ್ದೇನೆ. ಭೂಮಿ ವರ್ಷವರ್ಷವೂ ಕೊಡುತ್ತಿತ್ತು. ಹಣ ಒಮ್ಮೆ ಮಾತ್ರ ಬಂತು. ಆಟಗಾರನ ದೇಹವೂ ಅಂಥದೇ ಭೂಮಿ, ಮುಳುಗಡೆ ಖಚಿತವಾಗಿರುವ ಭೂಮಿ.

ಸತ್ನಾಮ್ ಸಿಂಗರಿಗೆ ಕಡೆಗೆ ಅವರ ಎತ್ತರವೇ ಮತ್ತೊಂದು ಅನ್ನದ ದಾರಿ ತೋರಿಸಿತು. ಎಲ್ಲರಿಗೂ ಏಳು ಅಡಿ ಎರಡು ಅಂಗುಲದ ಎತ್ತರವಿರುವುದಿಲ್ಲ. ಹುನಗುಂದದ ಆ ಮೈದಾನದಲ್ಲಿ ನಾನು ಇಂದು ಮತ್ತೆ ನಿಂತರೆ, ಮಗನನ್ನು ಕಳುಹಿಸಿ ಎಂದು ಆ ತಂದೆಗೆ ಹೇಳುವ ಧೈರ್ಯ ಈಗಲೂ ನನಗಿಲ್ಲ. ‘ಮುಂದೇನು?’ ಎಂಬ ಪ್ರಶ್ನೆಗೆ ಸರ್ಕಾರ ಒಂದು ಆದೇಶದ ರೂಪದಲ್ಲಿ, ಅನುದಾನ ಸಮೇತ, ಉತ್ತರ ಬರೆದುಕೊಟ್ಟ ದಿನ ಆ ಧೈರ್ಯ ಬಂದೀತು.